ಹುಬ್ಬಳ್ಳಿ ಮೇಳದಲ್ಲಿ ಅಗ್ಗಕ್ಕೆ ಸಿಕ್ಕ ಹಳೆ ಕಾಮಿಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊನ್ನೆ ಶನಿವಾರ, ಭಾನುವಾರ ಹಳೆ ಕಾಮಿಕ್ಸ್ ಕೂಡಿಡುವವರೆಲ್ಲ ಹುಬ್ಬಳ್ಳಿಯ ಒಂದು ಸಭಾಭವನದಲ್ಲಿ ಸೇರಿದ್ದೆವು. ಬೆಳಗಾವಿ, ಗದಗ, ಹಾವೇರಿ, ದಾವಣಗೆರೆಯಿಂದ ಮಂದಿ ಟ್ರಂಕು, ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದರು. ನಾನು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಎರಡೂ ದಿನ ಹೋಗಿ ಬಂದೆ. ತಂದ ಪುಸ್ತಕಗಳ ಫೋಟೋ ಗೆಳೆಯರಿಗೆ ಕಳಿಸಿದ್ದೇ ತಡ, ಫೋನಿನ ಮೇಲೆ ಫೋನು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಎಲ್ಲವಕ್ಕೂ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ.

ಒಟ್ಟು ಎಷ್ಟು ಪುಸ್ತಕ, ಎಷ್ಟು ದುಡ್ಡು?

50 ಪುಸ್ತಕ, 1,140 ರೂಪಾಯಿ. ಕನ್ನಡ ಚಂದಮಾಮ 14, ಒಂದಕ್ಕೆ 20ರಂತೆ. ಕನ್ನಡ ಇಂದ್ರಜಾಲ ಕಾಮಿಕ್ಸ್ 6, ಒಂದಕ್ಕೆ 50. ಕನ್ನಡ ಅಮರ ಚಿತ್ರ ಕಥೆ 9, ಒಂದಕ್ಕೆ 30. ಮಕ್ಕಳ ಪತ್ರಿಕೆ ಬಾಲಮಂಗಳದ 12 ಸಂಚಿಕೆಗಳ ಒಂದು ಕಟ್ಟು, 100 ರೂಪಾಯಿ. ಹಿಂದಿ ಚಾಚಾ ಚೌಧರಿ 3, ಒಂದಕ್ಕೆ 20. ಇಂಗ್ಲಿಷಿನ ಸ್ಪೈಡರ್‌ಮ್ಯಾನ್ ಇಂಡಿಯಾ ಒಂದು, 80 ರೂಪಾಯಿ. ಇನ್ನು 50 ರೂಪಾಯಿಗೆ ಐದು ಹಳೆ ಕಸ್ತೂರಿ. ಕಸ್ತೂರಿ ಕಾಮಿಕ್ಸ್ ಅಲ್ಲ, ಗೊತ್ತು. ಆದರೆ 1956ರಿಂದ ನಮ್ಮ ಹುಬ್ಬಳ್ಳಿಯಿಂದಲೇ ಬಂದ ಮಾಸಿಕ ಅದು. ಪಾ.ವೆಂ. ಆಚಾರ್ಯರು ಸಂಪಾದಕರಾಗಿದ್ದ ಕಾಲದ ಸಂಚಿಕೆ ಹತ್ತು ರೂಪಾಯಿಗೆ ಕಣ್ಣೆದುರು ಬಿದ್ದಿದ್ದಾಗ ಬಿಟ್ಟು ಬರುವ ಮನಸ್ಸು ನನಗಿಲ್ಲ.

ಅಷ್ಟು ಅಗ್ಗಕ್ಕೆ ಹೇಗೆ ಸಿಕ್ಕವು? ಆನ್‌ಲೈನಿನಲ್ಲಿ ಒಂದು ಇಂದ್ರಜಾಲಕ್ಕೇ ನೂರಾರು ರೂಪಾಯಿ ಕೇಳ್ತಾರಲ್ಲ?

ಇದೇ ಎಲ್ಲರ ಮೊದಲ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ನಿಲ್ಲಿಸಿಟ್ಟದ್ದೆಲ್ಲ ಇಂಗ್ಲಿಷ್ ಮತ್ತು ಹಿಂದಿ. ಅವಕ್ಕೆ ಊರೂರಲ್ಲಿ ಗಿರಾಕಿ ಇದ್ದಾರೆ. ಮುಂಬೈಯವರೂ ಕೊಳ್ಳುತ್ತಾರೆ, ದಿಲ್ಲಿಯವರೂ ಕೊಳ್ಳುತ್ತಾರೆ. ಬೆಳಗಾವಿಯಿಂದ ಬಂದವರ ಹತ್ತಿರ ಮರಾಠಿಯ ಇಂದ್ರಜಾಲಗಳಿದ್ದವು. ಅವಕ್ಕೂ ಒಳ್ಳೆ ಬೆಲೆ ಇತ್ತು. ಕನ್ನಡದವು ಎಲ್ಲಿ ಅಂತ ಕೇಳಿದರೆ ಮಾರುವವರೊಬ್ಬರು ಮೇಜಿನ ಕೆಳಗೆ ಕೈ ತೋರಿಸಿದರು. ಗೋಧಿ ಹಿಟ್ಟಿನ ಖಾಲಿ ಚೀಲ, ಅದರೊಳಗೆ ಸುತಳಿಯಿಂದ ಕಟ್ಟಿದ ಗಂಟುಗಳು.

"ಕನ್ನಡದಾವು ಯಾರ್ ಕೇಳ್ತಾರ್ರಿ ಸರ್? ರದ್ದಿಯೊಳಗ ಬಂದಿದ್ವು, ಹಂಗ ಇಟ್ಟೀನಿ. ನೀವ್ ಕೇಳಿದ್ರಿ ಅಂತ ತೆಗದೀನಿ ನೋಡ್ರಿ" ಅಂದರು.

ಅಲ್ಲೇ ನೆಲದ ಮೇಲೆ ಕೂತು ಒಂದೊಂದೇ ಗಂಟು ಬಿಚ್ಚಿದೆ. ಒಂದೂವರೆ ತಾಸು ಹಿಡಿಯಿತು. ಮೇಜಿನ ಮೇಲಿನದನ್ನು ಬಿಟ್ಟು ಕೆಳಗಿನದನ್ನು ಕೇಳಿದ್ದು, ಕೂತು ಹುಡುಕಿದ್ದು, ನಾನು ಮಾಡಿದ್ದು ಇಷ್ಟೇ.

ನನಗೆ ಇದರಲ್ಲಿ ಸಂತೋಷ ಎಷ್ಟೋ ಸಂಕಟವೂ ಅಷ್ಟೇ. ಕನ್ನಡದ ಸಂಚಿಕೆಗಳನ್ನು ಮನೆಮಂದಿ ಎಲ್ಲ ಓದಿ, ಪಕ್ಕದ ಮನೆಗೆ ಕೊಟ್ಟು, ಹರಕಾದ ಮೇಲೆ ರದ್ದಿಗೆ ಹಾಕಿದರು. ಉಳಿದಿದ್ದೇ ಸ್ವಲ್ಪ. ಆ ಸ್ವಲ್ಪಕ್ಕೂ ಗಿರಾಕಿ ಇಲ್ಲ ಅಂತಾದರೆ ಅಂಗಡಿಯವರು ಎಷ್ಟು ದಿನ ಇಟ್ಟುಕೊಂಡಾರು? ಮುಂದಿನ ಸಲ ಆ ಚೀಲ ಕಾಗದದ ಕಾರ್ಖಾನೆಗೆ ಹೋಗುತ್ತದೆ. ಅದಕ್ಕೇ ನಾನು ಕನ್ನಡದ್ದು ಸಿಕ್ಕರೆ, ಕಥೆ ಪೂರ್ತಿ ಇದ್ದರೆ ಸಾಕು, ಹರಕು ಅಂತ ನೋಡುವುದಿಲ್ಲ, ತಗೊಂಡು ಬರುತ್ತೇನೆ.

ಎಲ್ಲಕ್ಕಿಂತ ನಿಮಗೆ ಇಷ್ಟವಾದದ್ದು ಯಾವುದು?

ಆರು ಇಂದ್ರಜಾಲಗಳಲ್ಲಿ ಒಂದು. ಮುಖವಾಡ ತೊಟ್ಟ ಕಾಡಿನ ನಾಯಕ ಫ್ಯಾಂಟಮ್ ಕಥೆ. ಬೆಲೆಯಿಂದ ನೋಡಿದರೆ ಅದೇ ಎಲ್ಲಕ್ಕಿಂತ ಕೆಳಗಿನದು. ಮುಖಪುಟ ಬೆನ್ನಿನ ಹತ್ತಿರ ಸೀಳಿದೆ, ಕೆಳಗಿನ ಮೂಲೆಯನ್ನು ಇಲಿ ತಿಂದಿದೆ. ಒಳಗಿನ ಪುಟದಲ್ಲಿ ಯಾವುದೋ ವಾಚನಾಲಯದ ನೇರಳೆ ಬಣ್ಣದ ಠಸ್ಸೆ. ಹೆಸರು ಅಳಿಸಿ ಹೋಗಿದೆ, "ದಿನಕ್ಕೆ 10 ಪೈಸೆ" ಅನ್ನುವುದು ಮಾತ್ರ ಓದಲು ಬರುತ್ತದೆ.

ಕೊನೆಯ ಪುಟದ ಖಾಲಿ ಜಾಗದಲ್ಲಿ ಒಬ್ಬ ಹುಡುಗ ಸೀಸದ ಕಡ್ಡಿಯಿಂದ ಬರೆದಿದ್ದಾನೆ. ಆರನೇ ಇಯತ್ತೆ, ಬ ವರ್ಗ. ಅದರ ಕೆಳಗೆ: "ಓದಿದ ಮೇಲೆ ಮರಳಿ ಕೊಡಬೇಕು. ಕೊಡದವರಿಗೆ ಈ ಗುರುತು ಬೀಳುತ್ತದೆ." ಅದರ ಕೆಳಗೆ ಫ್ಯಾಂಟಮ್‌ನ ಉಂಗುರದ ಬುರುಡೆ, ಅವನು ಗುದ್ದಿದ ಕಳ್ಳರ ಮುಖದ ಮೇಲೆ ಮೂಡುವ ಗುರುತು. ಮೊದಲು ಒಂದು ಬರೆದು, ಸರಿ ಬಂದಿಲ್ಲ ಅಂತ ರಬ್ಬರಿನಿಂದ ಉಜ್ಜಿ, ಪಕ್ಕದಲ್ಲೇ ಮತ್ತೊಂದು ಬರೆದಿದ್ದಾನೆ. ಉಜ್ಜಿದ ಕಡೆ ಕಾಗದ ತೆಳ್ಳಗಾಗಿ ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಚಿತ್ರ ಕಾಣುತ್ತದೆ. ಎರಡನೇ ಬುರುಡೆ ಬಹಳ ಚೆನ್ನಾಗಿದೆ. ಹಲ್ಲುಗಳನ್ನು ಎಣಿಸಿ ಎಣಿಸಿ ಬರೆದಿದ್ದಾನೆ.

ಹೊಸದರ ಹಾಗಿರುವ ಪ್ರತಿಯಲ್ಲಿ ಇದು ಸಿಗುತ್ತಿತ್ತಾ?

ಇಂದ್ರಜಾಲದಲ್ಲಿ ಬರೀ ಫ್ಯಾಂಟಮ್ ಮಾತ್ರ ಇತ್ತಾ?

ಮೊದಲ 32 ಸಂಚಿಕೆ ಬರೀ ಫ್ಯಾಂಟಮ್. ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚಿನಲ್ಲಿ ಶುರು ಮಾಡಿದ ಸರಣಿ ಇದು. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ, ಬಝ್ ಸಾಯರ್ ಎಲ್ಲ ಬಂದರು. 1976ರಲ್ಲಿ ಆಬಿದ್ ಸುರತಿ ಅವರ ಬಹಾದೂರ್ ಬಂದ. ಕುರ್ತಾ ಮತ್ತು ಜೀನ್ಸ್ ತೊಟ್ಟ ನಮ್ಮ ದೇಶದ ನಾಯಕ, ಎದುರಿಗೆ ಡಕಾಯಿತರು. 1990ರಲ್ಲಿ ಸರಣಿ ನಿಂತಿತು.

ಮೂಲ ಇಂಗ್ಲಿಷ್ ಕಥೆ ಓದಿದವರು ಒಂದು ವಿಷಯ ಗಮನಿಸಿರುತ್ತೀರಿ. ಅಮೆರಿಕದ ಲೀ ಫಾಕ್ ಫ್ಯಾಂಟಮ್‌ನನ್ನು ಶುರು ಮಾಡಿದ್ದು 1936ರಲ್ಲಿ. ಅಲ್ಲಿ ಕಾಡಿನ ನಾಡಿಗೆ ಬಂಗಾಳಕ್ಕೆ ಹತ್ತಿರದ ಹೆಸರಿತ್ತು, ಕಡಲ್ಗಳ್ಳರಿಗೆ ಸಿಂಗ್ ಅನ್ನುವ ಹೆಸರಿತ್ತು. ನಮ್ಮಲ್ಲಿ ಅದು ಸರಿಬರುವುದಿಲ್ಲ ಅಂತ ಇಂದ್ರಜಾಲದವರು ನಾಡನ್ನು ಡೆಂಕಾಲಿ ಮಾಡಿದರು, ಕಳ್ಳರನ್ನು ಸಿಂಗಾ ಮಾಡಿದರು. ಡೆಂಕಾಲಿ ಅಂದರೆ ಸಾಕು, ನನ್ನ ವಾರಿಗೆಯವರಿಗೆ ಕಾಡು, ಡೋಲು, ಬುರುಡೆ ಗುಹೆ ಎಲ್ಲ ಕಣ್ಮುಂದೆ ಬರುತ್ತವೆ.

ಇಂದ್ರಜಾಲದ 123 ಮತ್ತು 124ನೇ ಸಂಚಿಕೆ ಎಲ್ಲೂ ಸಿಗ್ತಾ ಇಲ್ಲ. ಮೇಳದಲ್ಲಿ ಇದ್ದವಾ?

ಅವು ಅಚ್ಚಾಗಲೇ ಇಲ್ಲ. ಆಗ ಮುಷ್ಕರ ನಡೆದಿತ್ತು. ಹುಡುಕುವುದು ಬಿಡಿ. ಯಾರಾದರೂ "ಇದೆ, ಕೊಡ್ತೀನಿ" ಅಂದರೆ ದುಡ್ಡು ಕೊಡಬೇಡಿ.

ಮುಖಪುಟ ಹೋಗಿದ್ದರೆ, ತಾರೀಕು ಇಲ್ಲದಿದ್ದರೆ, ಯಾವ ಕಾಲದ್ದು ಅಂತ ಹೇಗೆ ತಿಳಿಯೋದು?

ಇದು ನನಗೆ ಬಹಳ ಪ್ರೀತಿಯ ಕೆಲಸ. ಕಥೆಯನ್ನು ನೋಡಬೇಡಿ, ಜಾಹೀರಾತು ನೋಡಿ, ವಿಳಾಸ ನೋಡಿ, ಬೆಲೆ ನೋಡಿ.

ಬೆಲೆಯಲ್ಲಿ "ನ.ಪೈ." ಅಂತ ಇದ್ದರೆ ಅದು ನಯಾ ಪೈಸೆ. 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬಂದಾಗ ಶುರುವಾದ ಮಾತು. 1964ರ ಜೂನ್‌ನಲ್ಲಿ "ನಯಾ" ಬಿಟ್ಟು ಬರೀ ಪೈಸೆ ಅಂದರು. ಹಳೆ ಚಂದಮಾಮದ ಮೇಲೆ ಇದನ್ನು ಕಾಣಬಹುದು.

ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಪುಸ್ತಕ 1972ರ ಆಗಸ್ಟ್ 15ರ ಈಚಿನದು. ಪಿನ್ ಕೋಡ್ ಬಂದದ್ದೇ ಆವತ್ತು. "ಮದ್ರಾಸ್-26" ಅಂತ ಊರಿನ ಮುಂದೆ ಎರಡಂಕಿ ಮಾತ್ರ ಇದ್ದರೆ ಅದಕ್ಕಿಂತ ಹಿಂದಿನದು ಇರಬಹುದು. ಆದರೆ ಹಳೆ ರೂಢಿಯಂತೆ ಆಮೇಲೂ ಕೆಲವರು ಹಾಗೇ ಅಚ್ಚು ಹಾಕಿದ್ದುಂಟು. ಇದೊಂದನ್ನೇ ನಂಬಬೇಡಿ.

"ಮೈಸೂರು ರಾಜ್ಯ" ಅಂತ ಇದ್ದರೆ 1973ರ ನವೆಂಬರ್ 1ರ ಹಿಂದಿನದು. ಬಾಂಬೆ ಹೋಗಿ ಮುಂಬೈ ಆದದ್ದು 1995, ಮದ್ರಾಸು ಚೆನ್ನೈ ಆದದ್ದು 1996.

ಇನ್ನೊಂದು ಗುರುತು ನಮ್ಮ ಕಡೆಯವರಿಗೆ ಮಾತ್ರ ಹೊಳೆಯುವಂಥದು. ಮಕ್ಕಳು ಪುಸ್ತಕದ ಮೇಲೆ ಪೂರ್ತಿ ವಿಳಾಸ ಬರೆಯುತ್ತಿದ್ದರು. ಬಾಲಮಂಗಳದ ಕಟ್ಟಿನಲ್ಲಿ ಒಂದರ ಮೇಲೆ "ತಾ. ಗದಗ, ಜಿ. ಧಾರವಾಡ" ಅಂತಿದೆ. ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅಂದರೆ ಆ ಮಗು ಆ ಪುಸ್ತಕ ಓದಿದ್ದು ಅದಕ್ಕಿಂತ ಮುಂಚೆ ಅನ್ನಬಹುದು. ಮುಖಪುಟ ಇಲ್ಲದ ಆ ಸಂಚಿಕೆಯ ಕಾಲ ನನಗೆ ತಿಳಿದದ್ದು ಆ ಒಂದು ಸಾಲಿನಿಂದ.

ಅಮರ ಚಿತ್ರ ಕಥೆಯ ಮೊದಲ ಸಂಚಿಕೆ "ಕೃಷ್ಣ" ತಾನೇ? ನಿಮ್ಮ ಹತ್ತಿರ ಇರೋದಕ್ಕೆ 11 ಅಂತ ಯಾಕಿದೆ?

ಕೃಷ್ಣ 11ನೆಯದೇ. ಅದಕ್ಕೆ ಮುಂಚೆ ಹತ್ತು ಇದ್ದವು. ಕನ್ನಡಿಗರಾದ ನಾವು ಇದನ್ನು ತಿಳಿದಿರಬೇಕು ಅಂತ ನನಗೆ ಅನಿಸುತ್ತದೆ.

ಆ ಹತ್ತೂ ಸಿಂಡ್ರೆಲಾದಂಥ ಪಾಶ್ಚಾತ್ಯ ಮಕ್ಕಳ ಕಥೆಗಳು. ಅವು ಬಂದದ್ದು ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ, 1965ರಲ್ಲಿ. ಪ್ರಕಾಶಕರಾದ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಅದರ ಹಿಂದೆ ಇದ್ದವರು. ಆಮೇಲೆ ಅನಂತ ಪೈ ಅವರು ಮುಂಬೈಯಲ್ಲಿ ನಮ್ಮ ಪುರಾಣದ ಕಥೆಗಳನ್ನು ಕೈಗೆತ್ತಿಕೊಂಡರು. ಕೃಷ್ಣ 11ನೇ ಅಂಕಿಯೊಂದಿಗೆ ಬಂತು. ಅದರ ಚಿತ್ರ ರಾಮ್ ವಾಯೀರ್ಕರ್ ಅವರದು.

ಅನಂತ ಪೈ ಕೂಡ ನಮ್ಮವರೇ. ಹುಟ್ಟಿದ್ದು ಕಾರ್ಕಳದಲ್ಲಿ, 1929ರಲ್ಲಿ. ಎರಡು ವರ್ಷದವರಿದ್ದಾಗ ತಂದೆ ತಾಯಿ ಇಬ್ಬರನ್ನೂ ಕಳಕೊಂಡರು, 12ನೇ ವಯಸ್ಸಿಗೆ ಮುಂಬೈಗೆ ಹೋದರು. ಇಡೀ ದೇಶದ ಮಕ್ಕಳಿಗೆ ಅಂಕಲ್ ಪೈ ಆದವರು ಅವರು.

ನನ್ನ ಹತ್ತಿರ ಇರುವ 11ನೆಯದು ಆಮೇಲಿನ ಮುದ್ರಣ, ಮೊದಲನೆಯದಲ್ಲ. 30 ರೂಪಾಯಿಗೆ ಅದೇ ದೊಡ್ಡದು.

ಮೊದಲ ಮುದ್ರಣವೋ ಮರುಮುದ್ರಣವೋ ಅಂತ ನೋಡೋದು ಹೇಗೆ? ನಕಲಿ ಬರ್ತಾವಾ?

ಅಮರ ಚಿತ್ರ ಕಥೆಯಲ್ಲಿ ಪ್ರಕಾಶಕರ ಹೆಸರು ನೋಡಿ. ಇಂಡಿಯಾ ಬುಕ್ ಹೌಸ್ ಇದ್ದರೆ ಹಳೆಯದು. 2007ರಲ್ಲಿ ಸರಣಿ ಎಸಿಕೆ ಮೀಡಿಯಾದ ಕೈಗೆ ಬಂತು, ಆಮೇಲಿನವುಗಳಲ್ಲಿ ಆ ಹೆಸರಿರುತ್ತದೆ. ಇಂಡಿಯಾ ಬುಕ್ ಹೌಸಿನವರೇ ಒಂದೇ ಪುಸ್ತಕವನ್ನು ಎಷ್ಟೋ ಸಲ ಅಚ್ಚು ಹಾಕಿದ್ದಾರೆ. ಹಾಗಾಗಿ ಒಳಗಿನ ಪುಟದ ಸಣ್ಣ ಅಕ್ಷರ ಮತ್ತು ಬೆಲೆ ಎರಡನ್ನೂ ಓದಬೇಕು. ಬಾರ್‌ಕೋಡ್ ಇದ್ದರೆ ಹಳೆಯದು ಅನ್ನುವ ಮಾತೇ ಬೇಡ.

ನಕಲಿ ಇದೆ. ಒಂದು ಸಲ ಅಂಚೆಯಲ್ಲಿ ಒಂದು ಇಂದ್ರಜಾಲ ತರಿಸಿದ್ದೆ. ಫೋಟೋದಲ್ಲಿ ಬಹಳ ಚಂದ ಕಾಣುತ್ತಿತ್ತು, ಆರುನೂರು ರೂಪಾಯಿ ಕೊಟ್ಟೆ. ಪೊಟ್ಟಣ ಒಡೆದರೆ ಬಣ್ಣದ ಜೆರಾಕ್ಸು. ಹೊಳೆಯುವ ಕಾಗದ, ಹೊಸ ಪಿನ್ನು, ಮೂಲ ಪುಸ್ತಕದ ಹರಕು ಕೂಡ ಚಿತ್ರದಂತೆ ಅಚ್ಚಾಗಿದೆ. ಮಾರಿದವರು ಆಮೇಲೆ ಫೋನೇ ಎತ್ತಲಿಲ್ಲ. ಬಹಳ ನೊಂದುಕೊಂಡೆ. ಆವತ್ತಿನಿಂದ ಸಾಧ್ಯವಾದಷ್ಟೂ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುತ್ತೇನೆ. ಮೇಳದ ದೊಡ್ಡ ಲಾಭ ಅಂದರೆ ಇದೇ.

ಗುರುತಿಸುವುದು ಸುಲಭ. ಒಂದು ಸಣ್ಣ ಭೂತಗನ್ನಡಿ ಇಟ್ಟುಕೊಳ್ಳಿ. ಹಳೆ ಬಣ್ಣದ ಅಚ್ಚಿನಲ್ಲಿ ಚುಕ್ಕೆಗಳು ಸಾಲಾಗಿ, ದುಂಡಗೆ, ದೊಡ್ಡದಾಗಿ ಕಾಣುತ್ತವೆ. ಒಂದು ಬಣ್ಣ ಗೆರೆಯ ಆಚೆಗೆ ತುಸು ಸರಿದಿರುತ್ತದೆ. ಕಪ್ಪು ಗೆರೆ ಒಂದೇ ಸಮ ಗಟ್ಟಿ ಕಪ್ಪು. ಜೆರಾಕ್ಸಿನಲ್ಲಿ ಕಪ್ಪು ಗೆರೆಯ ಅಂಚಿನಲ್ಲೂ ಬಣ್ಣದ ಪುಡಿ ಕಾಣುತ್ತದೆ. ಮೂಗಿನ ಹತ್ತಿರ ಹಿಡಿಯಿರಿ. ಹಳೆ ನ್ಯೂಸ್‌ಪ್ರಿಂಟಿನ ವಾಸನೆಯನ್ನು ನಕಲು ಮಾಡಲು ಬರುವುದಿಲ್ಲ.

ಚಂದಮಾಮ ಕಾಮಿಕ್ಸ್ ಹೌದಾ?

ಪೂರ್ತಿ ಅಲ್ಲ. ಅದು ಚಿತ್ರ ಇರುವ ಕಥೆಗಳ ಮಾಸಪತ್ರಿಕೆ ಆಗಿತ್ತು. ಆದರೆ ನನ್ನಂಥವರಿಗೆ ಚಿತ್ರ ನೋಡುತ್ತ ಕಥೆ ಓದುವುದನ್ನು ಕಲಿಸಿದ್ದೇ ಅದು. ಅದಕ್ಕೇ ಅದನ್ನು ಬೇರೆ ಇಡುವ ಮನಸ್ಸು ಬರುವುದಿಲ್ಲ. ಬಿ. ನಾಗಿರೆಡ್ಡಿ, ಚಕ್ರಪಾಣಿ ಅವರು 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದರು. ಕನ್ನಡಕ್ಕೆ 1949ರಲ್ಲಿ ಬಂತು. ವಡ್ಡಾದಿ ಪಾಪಯ್ಯನವರ ಮುಖಪುಟ, ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಚಿತ್ರ, ಶಂಕರ್ ಅವರ ವಿಕ್ರಮ ಬೇತಾಳ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಹಿಂದೆ ಮರ. ಆ ಒಂದು ಚಿತ್ರ ನೋಡಿದರೆ ಸಾಕು, ಕಥೆ ಶುರುವಾಗುತ್ತದೆ.

ಹಳೆ ಚಂದಮಾಮ ಕೊಳ್ಳುವಾಗ ಫೋಟೋ ಶೀರ್ಷಿಕೆ ಸ್ಪರ್ಧೆಯ ಪುಟ ಇದೆಯಾ ನೋಡಿ. ಎಷ್ಟೋ ಮನೆಯಲ್ಲಿ ಮಕ್ಕಳು ಅದನ್ನು ಕತ್ತರಿಸಿಕೊಂಡಿರುತ್ತಾರೆ. ಕತ್ತರಿಸಿದ ಪುಟದ ಹಿಂದೆ ಇದ್ದ ಕಥೆಯ ಅರ್ಧ ಹೋಗಿರುತ್ತದೆ.

ಹರಕು ಪುಸ್ತಕ ತಗೋಬಹುದಾ?

ಓದಲಿಕ್ಕೆ ಅಂತಾದರೆ ಧಾರಾಳವಾಗಿ. ಒಂದೇ ಒಂದು ವಿಷಯ ಬಿಡಬೇಡಿ: ಪುಟ ಎಣಿಸಿ. ನಡುವಿನ ಹಾಳೆ ಪಿನ್ನಿನಿಂದ ಸುಲಭವಾಗಿ ಕಳಚುತ್ತದೆ. ಅದೊಂದು ಹಾಳೆ ಹೋದರೆ ನಾಲ್ಕು ಪುಟ ಹೋದ ಹಾಗೆ, ಅದೂ ಕಥೆ ಮಧ್ಯದಲ್ಲಿ. ನಾನು ತಂದ 9 ಅಮರ ಚಿತ್ರ ಕಥೆಯಲ್ಲಿ ಎರಡಕ್ಕೆ ಹಿಂದಿನ ರಟ್ಟು ಇಲ್ಲ, ಆದರೆ ಕಥೆ ಪೂರ್ತಿ ಇದೆ. ಮೇಳದಲ್ಲಿ ನೋಡಿದ ಇನ್ನೊಂದು ನೋಡಲು ಬಹಳ ಚೆನ್ನಾಗಿತ್ತು, ನಡುವಿನ ಹಾಳೆ ಇರಲಿಲ್ಲ. ಅದನ್ನು ಬಿಟ್ಟು ಬಂದೆ.

ಚೌಕಾಸಿ ಹೇಗೆ ಮಾಡ್ತೀರಿ?

ಜಾಸ್ತಿ ಮಾಡುವುದಿಲ್ಲ. ಟ್ರಂಕು ಹೊತ್ತು, ಬಸ್ ಚಾರ್ಜು ಕೊಟ್ಟು, ಎರಡು ದಿನ ಕೂತವರು ಅವರು. ಒಂದೊಂದಕ್ಕೆ ಕೇಳುವುದರ ಬದಲು ಹತ್ತಿಪ್ಪತ್ತು ಪುಸ್ತಕ ಒಟ್ಟಿಗೆ ಇಟ್ಟು ಕೇಳುತ್ತೇನೆ. "ಅಣ್ಣಾರ, ಇಷ್ಟೂ ತಗೋತೀನಿ, ಒಂದ್ ರೇಟ್ ಹೇಳ್ರಿ." ಅವರು ಹೇಳಿದ್ದು ಸರಿ ಅನಿಸಿದರೆ ಕೊಟ್ಟುಬಿಡುತ್ತೇನೆ. ಚಂದಮಾಮಕ್ಕೆ ಮೊದಲು 30 ಅಂದಿದ್ದರು, 14ನ್ನೂ ಎತ್ತಿಟ್ಟ ಮೇಲೆ ಅವರೇ 20ಕ್ಕೆ ಇಳಿದರು.

ಒಂದು ಮಾತ್ರ ಮಾಡಬೇಡಿ. ಕಡಿಮೆ ಬೆಲೆಗೆ ಸಿಗಲಿ ಅಂತ ಅವರ ಪುಸ್ತಕವನ್ನು ಹೀಗಳೆಯಬೇಡಿ. ಮುಂದಿನ ಸಲ ಅವರು ನಿಮಗಾಗಿ ಏನನ್ನೂ ಎತ್ತಿಡುವುದಿಲ್ಲ. ಈ ಸಲ ಗದಗಿನವರೊಬ್ಬರು ಹೋಗುವಾಗ ನನ್ನ ನಂಬರು ಬರಕೊಂಡು ಹೋದರು, "ಕನ್ನಡದಾವು ಬಂದ್ರ ನಿಮಗ ಮೊದಲ ಹೇಳ್ತೀನ್ರಿ" ಅಂತ. ನನಗೆ ಅದು ಐವತ್ತು ಪುಸ್ತಕಕ್ಕಿಂತ ಹೆಚ್ಚು.

ಶನಿವಾರ ಹೋಗಬೇಕಾ, ಭಾನುವಾರ ಹೋಗಬೇಕಾ?

ಬೇಕೇ ಬೇಕು ಅನ್ನುವ ಸಂಚಿಕೆ ಇದ್ದರೆ ಶನಿವಾರ ಬೆಳಿಗ್ಗೆ. ಅಗ್ಗಕ್ಕೆ ಬೇಕಾದರೆ ಭಾನುವಾರ ನಾಲ್ಕರ ಮೇಲೆ. ವಾಪಸ್ ಹೊತ್ತುಕೊಂಡು ಹೋಗುವ ಭಾರ ಕಡಿಮೆಯಾಗಲಿ ಅಂತ ಅವರೇ ಬೆಲೆ ಇಳಿಸುತ್ತಾರೆ. ಬಾಲಮಂಗಳದ ಕಟ್ಟು ನೂರು ರೂಪಾಯಿಗೆ ಬಂದದ್ದು ಹಾಗೆ. ಅದರ ನಾಯಕ, ಇಲಿ ಡಿಂಗನನ್ನು ಮರೆಯದವರು ಎಷ್ಟು ಜನ ಇದ್ದೀರಿ ಅಂತ ಆ ಫೋಟೋಕ್ಕೆ ಬಂದ ಫೋನುಗಳಿಂದ ತಿಳಿಯಿತು!

ಮಾರ್ವೆಲ್, ಡಿಸಿ ಇದ್ದವಾ?

ಬೇಕಾದಷ್ಟು. ನನಗೆ ಅವುಗಳ ಬಗ್ಗೆ ಹೆಚ್ಚು ತಿಳಿಯದು. ಸ್ಪೈಡರ್‌ಮ್ಯಾನ್ ಇಂಡಿಯಾ ಮಾತ್ರ ತಗೊಂಡೆ. 2004ರಲ್ಲಿ ಗೋಥಮ್ ಕಾಮಿಕ್ಸಿನವರು ತಂದದ್ದು, ಚಿತ್ರ ಜೀವನ್ ಕಾಂಗ್ ಅವರದು. ಪವಿತ್ರ ಪ್ರಭಾಕರ ಅನ್ನುವ ಹುಡುಗ ಪಂಚೆ ಉಟ್ಟು ಮುಂಬೈಯ ಕಟ್ಟಡಗಳ ಮೇಲೆ ಜಿಗಿಯುತ್ತಾನೆ. ಅದು ನಾಲ್ಕು ಸಂಚಿಕೆಯ ಕಥೆ, ನನಗೆ ಸಿಕ್ಕಿದ್ದು ಒಂದು.

ತುಕ್ಕು ಹಿಡಿದ ಪಿನ್ನು ತೆಗೆಯಬೇಕಾ?

ತೆಗೆಯಬೇಕು, ಆದರೆ ಎಳೆಯಬಾರದು. ನಾನು ಮಾಡುವುದು ಹೀಗೆ.

ಪುಸ್ತಕವನ್ನು ನಡುವಿನ ಹಾಳೆಗೆ ಬಿಚ್ಚಿ ಮೇಜಿನ ಮೇಲೆ ಅಂಗಾತ ಇಡಿ. ಪಿನ್ನಿನ ಎರಡು ಮಡಚಿದ ಕಾಲು ಕಾಣುತ್ತವೆ. ಅವುಗಳ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಚೂರು ತೂರಿಸಿ. ಹಳೆ ಸಿಮ್ ಕಾರ್ಡಿನ ಚೌಕಟ್ಟಿನಿಂದ ಕತ್ತರಿಸಿದ ಚೂರು ಸಾಕು. ಕಾಗದದ ಮೇಲೆ ಭಾರ ಬೀಳದಂತೆ ಆ ಪ್ಲಾಸ್ಟಿಕ್ಕಿನ ಮೇಲೆ ಊರಿ ಮೊಂಡು ಚಾಕುವಿನಿಂದ ಕಾಲನ್ನು ನಿಧಾನಕ್ಕೆ ಮೇಲೆತ್ತಿ. ತುಕ್ಕು ಜಾಸ್ತಿ ಇದ್ದರೆ ಕಾಲು ಮುರಿದು ಬರುತ್ತದೆ. ಬರಲಿ, ಒಳ್ಳೆಯದೇ. ಆಮೇಲೆ ಪುಸ್ತಕ ತಿರುಗಿಸಿ ಬೆನ್ನಿನ ಕಡೆಯಿಂದ ಪಿನ್ನನ್ನು ನೇರವಾಗಿ ಮೇಲಕ್ಕೆ ಎತ್ತಿ. ಓರೆಯಾಗಿ ಎಳೆದರೆ ತೂತು ಸೀಳುತ್ತದೆ. ಉಳಿದ ಕಂದು ಪುಡಿಯನ್ನು ಮೆತ್ತಗಿನ ಬ್ರಷ್ಷಿನಿಂದ ಹೊರಗೆ ತಳ್ಳಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಹಾಕಿ ಒಳಗಡೆ ಗಂಟು ಕಟ್ಟಿ. ಹೊಸ ಪಿನ್ನು ಹೊಡೆಯಬೇಡಿ, ಹತ್ತು ಮಳೆಗಾಲ ಕಳೆದರೆ ಅದಕ್ಕೂ ತುಕ್ಕು.

ಒಂದು ಪುಸ್ತಕಕ್ಕೆ ಅರ್ಧ ತಾಸು ಬೇಕು. ಈ ವಾರ ನಾಲ್ಕು ಮುಗಿಸಿದ್ದೇನೆ.

ಹರಿದ ಕಡೆ ಸೆಲೋ ಟೇಪ್ ಹಚ್ಚಲಾ?

ಬೇಡವೇ ಬೇಡ. ಕೆಲವೇ ವರ್ಷದಲ್ಲಿ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪು ಉದುರುತ್ತದೆ, ಕಲೆ ಉಳಿಯುತ್ತದೆ. ತೆಳ್ಳನೆಯ ಟಿಶ್ಯೂ ಕಾಗದ ಮತ್ತು ಮನೆಯಲ್ಲೇ ಕಾಯಿಸಿದ ಮೈದಾ ಗಂಜಿಯ ಅಂಟು ಸಾಕು. ಅಂಟು ತೆಳ್ಳಗಿರಲಿ, ಒಣಗುವವರೆಗೆ ಮೇಲೆ ಭಾರ ಇಡಿ. ಪೂರ್ತಿ ಒಣಗಿಸಿಯೇ ಎತ್ತಿಡಿ, ಹಸಿ ಇದ್ದರೆ ಹುಳಕ್ಕೆ ಊಟ ಇಟ್ಟ ಹಾಗೆ. ಲ್ಯಾಮಿನೇಶನ್ ಮಾಡಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಅದನ್ನು ಮತ್ತೆ ಬಿಚ್ಚಲು ಬರುವುದಿಲ್ಲ.

ಧಾರವಾಡದ ಮಳೆಗಾಲದಲ್ಲಿ ಹೇಗೆ ಕಾಪಾಡ್ತೀರಿ?

ಜೂನ್ ಬಂತು ಅಂದರೆ ನನಗೆ ಅದೇ ಚಿಂತೆ. ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದರೆ ಗೋಡೆಗೆ ತಾಗಿದ ಪುಸ್ತಕವೆಲ್ಲ ಮೆತ್ತಗಾಗುತ್ತದೆ. ಹೀಗಾಗಿ ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿದ್ದೇನೆ. ನೆಲದ ಮೇಲೆ ಏನೂ ಇಡುವುದಿಲ್ಲ. ಪಿವಿಸಿ ಕವರು ಬೇಡ, ಅದು ಶಾಯಿಗೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲಿನ್ ಕವರು ಕೇಳಿ ತನ್ನಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ರದ್ದಿಯಿಂದ ಬಂದದ್ದನ್ನು ನೇರ ಕಪಾಟಿಗೆ ಸೇರಿಸಬೇಡಿ. ಒಳಗೆ ಹುಳ, ಮೊಟ್ಟೆ ಇರಬಹುದು. ನಾನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಡುತ್ತೇನೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚುವುದಿಲ್ಲ, ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ. ಕಪಾಟಿನಲ್ಲಿ ಬಜೆ ಬೇರಿನ ಗಂಟು ಇಟ್ಟಿದ್ದೇನೆ. ನಮ್ಮ ಹಿರಿಯರು ಓಲೆಗರಿಗೆ ಇಡುತ್ತಿದ್ದದ್ದೂ ಅದನ್ನೇ.

ಬಿಸಿಲಿಗೆ ಒಣಗಿಸುತ್ತೇವೆ ಅನ್ನುವವರು ಇದ್ದಾರೆ. ಬೇಡ. ಇದು ನ್ಯೂಸ್‌ಪ್ರಿಂಟ್. ಅದರಲ್ಲಿ ಮರದ ಲಿಗ್ನಿನ್ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಷ್ಟೂ ಕಂದಾಗಿ ಹಪ್ಪಳದಂತೆ ಮುರಿಯುತ್ತದೆ. ನೆರಳಲ್ಲಿ, ಫ್ಯಾನಿನ ಕೆಳಗೆ ಹರಡಿದರೆ ಸಾಕು.

ಮನೆಯ ಮಕ್ಕಳಿಗೆ ಓದಲು ಕೊಡ್ತೀರಾ?

ಕೊಡುತ್ತೇನೆ. ಕೈ ತೊಳೆದುಕೊಂಡು, ನೆಲದ ಮೇಲೆ ಕೂತು ಓದಬೇಕು. ಅಷ್ಟೇ. ತಂಗಿಯ ಮಗಳು ಮೂರನೇ ಇಯತ್ತೆ. ಭಾನುವಾರ ರಾತ್ರಿ ತೆನಾಲಿ ರಾಮನ ಅಮರ ಚಿತ್ರ ಕಥೆ ಹಿಡಿದು ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ. "ಮಾಮಾ, ಇದ ಮುಗದ ಮ್ಯಾಲ ಇನ್ನೊಂದ್ ಕೊಡ್ತಿಯೇನು?" ಅಂತ ಕೇಳಿದಳು. ಕೊಡದೆ ಇರಲು ಆಗುತ್ತಾ?

ಸ್ಕ್ಯಾನ್ ಮಾಡಿ ಕಳಿಸ್ತೀರಾ?

ಇಲ್ಲ, ಕ್ಷಮಿಸಿ. ಬರೆದವರು, ಚಿತ್ರ ಮಾಡಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಮನೆಗೆ ಬಂದರೆ ಎಲ್ಲವನ್ನೂ ಓದಬಹುದು, ಚಹಾನೂ ಇದೆ.

ಮೇಳ ಇಲ್ಲದಾಗ ನಮ್ಮ ಊರುಗಳಲ್ಲಿ ಎಲ್ಲಿ ಹುಡುಕಬೇಕು?

ರದ್ದಿ ಅಂಗಡಿಗಳಲ್ಲಿ. ಹಳೆ ಹುಬ್ಬಳ್ಳಿ, ದುರ್ಗದ ಬೈಲಿನ ಆಚೀಚೆ ಓಣಿಗಳಲ್ಲಿ ಕಾಲು ನೋಯುವಷ್ಟು ತಿರುಗಬೇಕು. ಮನೆ ಖಾಲಿ ಮಾಡುವವರು, ಅಟ್ಟ ಸ್ವಚ್ಛ ಮಾಡುವವರು ದೀಪಾವಳಿಯ ಮುಂಚೆ ಜಾಸ್ತಿ. ಆ ಹದಿನೈದು ದಿನ ನಾನು ವಾರಕ್ಕೆ ಎರಡು ಸಲ ಸುತ್ತು ಹಾಕುತ್ತೇನೆ. ಗದಗನ್ನು ಮುದ್ರಣ ಕಾಶಿ ಅಂತಾರೆ. ಅಲ್ಲಿನ ಹಳೆ ಮನೆಗಳಲ್ಲಿ ಪುಸ್ತಕ ಎಸೆಯದೆ ಇಟ್ಟವರು ಇನ್ನೂ ಇದ್ದಾರೆ. ನಿವೃತ್ತ ಮಾಸ್ತರರನ್ನು ವಿಚಾರಿಸಿ. ಅವರ ಮನೆಯಲ್ಲಿ ಒಂದಾದರೂ ಕಟ್ಟು ಇದ್ದೇ ಇರುತ್ತದೆ.

ಇವುಗಳಲ್ಲಿ ಯಾವುದನ್ನಾದರೂ ಮಾರ್ತೀರಾ?

ಇಲ್ಲ. ಎರಡೆರಡು ಇರುವ ಮೂರು ಚಂದಮಾಮ ಇವೆ. ಅವನ್ನು ಅದಲುಬದಲು ಮಾಡಿಕೊಳ್ಳುವೆ.

ಇನ್ನೂ ಏನು ಹುಡುಕ್ತಾ ಇದ್ದೀರಿ?

ಅಮರ ಚಿತ್ರ ಕಥೆಯ ಆ ಮೊದಲ ಹತ್ತು, 1965ರ ಕನ್ನಡದವು. ಇಷ್ಟು ವರ್ಷದಲ್ಲಿ ಒಂದನ್ನೂ ಕಣ್ಣಾರೆ ಕಂಡಿಲ್ಲ. ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ ಒಂದು ಇದ್ದರೆ ನನಗೆ ಮಾರಬೇಕಾಗಿಲ್ಲ. ಬಸ್ ಹತ್ತಿ ನಾನೇ ಬರುತ್ತೇನೆ. ಕೈ ತೊಳೆದುಕೊಂಡು, ನೆಲದ ಮೇಲೆ ಕೂತು, ಒಂದು ಸಲ ಓದಿ ವಾಪಸ್ ಕೊಡುತ್ತೇನೆ.